ಶಿರಸಿಯಲ್ಲಿ ಕುಳಿತು ಯುದ್ಧ ಕಾನೂನು ಓದುವವರಿಗೆ: ನಾಲ್ಕು ಉಚಿತ ದಾಖಲೆ ಭಂಡಾರಗಳ ವಿಮರ್ಶೆ

ಯುದ್ಧಕ್ಕೂ ಕಾನೂನಿದೆ, ಅದನ್ನೇ ಓದಿ ಅದನ್ನೇ ಪಾಠ ಹೇಳಿಕೊಂಡು ಬದುಕುತ್ತೇನೆ ಅನ್ನುವ ವಿದ್ಯಾರ್ಥಿಗೆ ನಮ್ಮ ಜಿಲ್ಲೆಯಲ್ಲಿ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಅದಕ್ಕೆಲ್ಲ ಬೆಂಗಳೂರಿಗೋ ದಿಲ್ಲಿಗೋ ಹೋಗಬೇಕು ಮಾರಾಯಾ, ಇಲ್ಲಿ ಪುಸ್ತಕ ಎಲ್ಲಿದೆ?’ ಪುಸ್ತಕದ ಮಟ್ಟಿಗೆ ಮಾತು ಸರಿ. ಆದರೆ ಈ ವಿಷಯದ ಮೂಲ ದಾಖಲೆಗಳಾದ ಒಪ್ಪಂದ, ತೀರ್ಪು, ವ್ಯಾಖ್ಯಾನ, ಸಮ್ಮೇಳನದ ನಡಾವಳಿ ಬಹುಪಾಲು ಪುಕ್ಕಟೆಯಾಗಿ ತೆರೆದಿವೆ. ಕಾರವಾರದ ಬಾಡಿಗೆ ಕೋಣೆಯಲ್ಲಿ ಕುಳಿತವನಿಗೂ ಜಿನೀವಾದ ಪ್ರಾಧ್ಯಾಪಕನಿಗೂ ಕಾಣುವುದು ಒಂದೇ ಪಿಡಿಎಫ್.

ಇಲ್ಲಿ ನೋಡುತ್ತಿರುವುದು ನಾಲ್ಕನ್ನು: ರೆಡ್‌ಕ್ರಾಸ್ ಅಂತರರಾಷ್ಟ್ರೀಯ ಸಮಿತಿಯ (ಐಸಿಆರ್‌ಸಿ) ಮಾನವೀಯ ಕಾನೂನು (ಯುದ್ಧ ಕಾನೂನಿನದೇ ಇನ್ನೊಂದು ಹೆಸರು) ದತ್ತಸಂಚಯ, ಅದೇ ಸಮಿತಿಯ ಆನ್‌ಲೈನ್ ಕೇಸ್‌ಬುಕ್, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಲೀಗಲ್ ಟೂಲ್ಸ್ ಭಂಡಾರ, ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನಿನ ಆಡಿಯೊ ವಿಷುವಲ್ ಲೈಬ್ರರಿ. ಮೊದಲೇ ಹೇಳಿಬಿಡುವುದಾದರೆ, ಒಂದನೆಯದೂ ಮೂರನೆಯದೂ ಇಲ್ಲದೆ ಈ ಕ್ಷೇತ್ರದಲ್ಲಿ ಕಾಲಿಡಲಾಗದು. ಕೇಸ್‌ಬುಕ್ ಪಾಠ ಹೇಳುವವರಿಗೆ ಚಿನ್ನ. ವಿಶ್ವಸಂಸ್ಥೆಯ ಉಪನ್ಯಾಸಗಳು ಒಳ್ಳೆಯವೇ, ಆದರೆ ಅವನ್ನೇ ನಂಬಿ ಕೂರುವಂತಿಲ್ಲ. ನಾಲ್ಕೂ ಮುಖ್ಯವಾಗಿ ಇಂಗ್ಲಿಷಿನವು, ಕನ್ನಡದಲ್ಲಿ ಏನೂ ಇಲ್ಲ. ಭಂಡಾರ ಎಷ್ಟು ದೊಡ್ಡದು ಅನ್ನುವುದಕ್ಕಿಂತ, ಒಳಗಿರುವ ಕಾಗದದಲ್ಲಿ ಯಾವುದಕ್ಕೆ ಎಷ್ಟು ತೂಕ ಎಂದು ಅದು ಹೇಳುತ್ತದೋ ಇಲ್ಲವೋ ಅನ್ನುವುದನ್ನೇ ಇಲ್ಲಿ ಹೆಚ್ಚು ನೋಡಿದ್ದೇವೆ. ಸಂಶೋಧಕರು ಬೀಳುವುದು ಅಲ್ಲೇ.

ಐಸಿಆರ್‌ಸಿ ದತ್ತಸಂಚಯ: ಕೈಗಾ ಹಿಡಿದು ಒಂದು ಪರೀಕ್ಷೆ

ಈ ತಾಣದಲ್ಲಿ ಮೂರು ಭಾಗ. ಒಪ್ಪಂದಗಳು, ಅವುಗಳ ವ್ಯಾಖ್ಯಾನ ಮತ್ತು ಒಪ್ಪಿದ ದೇಶಗಳ ಪಟ್ಟಿ ಒಂದು ಕಡೆ. ರೂಢಿಗತ ಮಾನವೀಯ ಕಾನೂನಿನ (ಒಪ್ಪಂದದಿಂದಲ್ಲ, ದೇಶಗಳ ನಡವಳಿಕೆಯಿಂದ ಬೆಳೆದದ್ದು) 161 ನಿಯಮಗಳು ಇನ್ನೊಂದು ಕಡೆ. ದೇಶದೇಶಗಳ ಕಾಯ್ದೆ, ತೀರ್ಪು, ಸೇನಾ ಕೈಪಿಡಿಗಳ ಸಂಗ್ರಹ ಮೂರನೆಯದು.

ಊರಿನದೇ ಪ್ರಶ್ನೆ ಹಾಕಿ ನೋಡೋಣ. ಯುದ್ಧವಾದರೆ ಕೈಗಾ ಅಣುವಿದ್ಯುತ್ ಸ್ಥಾವರಕ್ಕೆ, ಕಾಳಿ ಹೊಳೆಯ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟೆಗಳಿಗೆ ಕಾನೂನಿನ ರಕ್ಷಣೆ ಏನು?

ಮೊದಲು ಒಪ್ಪಂದಗಳ ಭಾಗ. ಜಿನೀವಾ ಒಪ್ಪಂದಗಳಿಗೆ ಸೇರಿಸಿದ 1977ರ ಮೊದಲನೇ ಹೆಚ್ಚುವರಿ ಪ್ರೋಟೋಕಾಲ್ ತೆರೆದು 56ನೇ ವಿಧಿಗೆ ಹೋದರೆ ಉತ್ತರ ಸಿಕ್ಕೇಬಿಟ್ಟಿತು ಅನ್ನಿಸುತ್ತದೆ. ಅಣೆಕಟ್ಟೆ, ಒಡ್ಡು, ಅಣುವಿದ್ಯುತ್ ಸ್ಥಾವರ ಈ ಮೂರೂ ಸೈನಿಕ ಗುರಿಯೇ ಆಗಿದ್ದರೂ, ಹೊಡೆದರೆ ಒಳಗಿನ ಅಪಾಯಕಾರಿ ಶಕ್ತಿ ಹೊರಬಿದ್ದು ನಾಗರಿಕರಿಗೆ ಭಾರಿ ಹಾನಿ ಆಗುವಂತಿದ್ದರೆ ಹೊಡೆಯಕೂಡದು ಎನ್ನುತ್ತದೆ ವಿಧಿ. ವಿನಾಯಿತಿಯೂ ಅಲ್ಲೇ ಇದೆ: ಸ್ಥಾವರದ ವಿದ್ಯುತ್ತು ಸೇನಾ ಕಾರ್ಯಾಚರಣೆಗೆ ನಿಯಮಿತವಾಗಿ, ಗಣನೀಯವಾಗಿ, ನೇರವಾಗಿ ನೆರವಾಗುತ್ತಿದ್ದು, ಅದನ್ನು ನಿಲ್ಲಿಸಲು ದಾಳಿ ಬಿಟ್ಟು ಬೇರೆ ದಾರಿಯೇ ಇಲ್ಲದಿದ್ದರೆ ರಕ್ಷಣೆ ತಪ್ಪುತ್ತದೆ. ಗ್ರಿಡ್ಡಿಗೆ ಹೋಗುವ ವಿದ್ಯುತ್ತು ‘ನೇರ ನೆರವು’ ಆಗುತ್ತದೆಯೇ ಅನ್ನುವುದು ಒಂದು ಇಡೀ ತರಗತಿಗೆ ಸಾಲುವ ಚರ್ಚೆ. ಇಂಥ ಸ್ಥಾವರಗಳಿಗೆ ಒಂದೇ ಸಾಲಿನಲ್ಲಿ ಮೂರು ಕಿತ್ತಳೆ ಬಣ್ಣದ ವೃತ್ತಗಳ ಗುರುತು ಹಾಕಬಹುದೆಂಬ ವಿವರವೂ ಇದೇ ವಿಧಿಯ ಕೊನೆಯಲ್ಲಿದೆ. ಪಕ್ಕದಲ್ಲೇ 1987ರ ವ್ಯಾಖ್ಯಾನ ತೆರೆಯುತ್ತದೆ.

ಇಲ್ಲಿಗೆ ನಿಲ್ಲಿಸಿದ ಪ್ರಬಂಧಗಳೇ ಜಾಸ್ತಿ. ಒಪ್ಪಿದ ದೇಶಗಳ ಪಟ್ಟಿಯನ್ನು ಒತ್ತಿ ನೋಡಿದರೆ ಭಾರತದ ಹೆಸರು ಇಲ್ಲ. ಭಾರತ 1949ರ ನಾಲ್ಕು ಜಿನೀವಾ ಒಪ್ಪಂದಗಳನ್ನು 1950ರಲ್ಲೇ ಒಪ್ಪಿದೆ, 1977ರ ಎರಡು ಪ್ರೋಟೋಕಾಲ್‌ಗಳನ್ನು ಒಪ್ಪಿಲ್ಲ. ಪಾಕಿಸ್ತಾನ ಮೊದಲನೇ ಪ್ರೋಟೋಕಾಲಿಗೆ ಸಹಿ ಹಾಕಿದ್ದರೂ ಅನುಮೋದಿಸಿಲ್ಲ. ಅಂದಮೇಲೆ 56ನೇ ವಿಧಿಯನ್ನು ಒಪ್ಪಂದವಾಗಿ ಕೈಗಾಕ್ಕೆ ಅನ್ವಯಿಸಲು ಬರುವುದಿಲ್ಲ.

ಆಮೇಲೆ ರೂಢಿಗತ ಕಾನೂನಿನ ಭಾಗಕ್ಕೆ ಬನ್ನಿ. 42ನೇ ನಿಯಮ ಇದೇ ವಿಷಯದ್ದು. ಆದರೆ ಶಬ್ದಗಳನ್ನು ಬೆರಳಿಟ್ಟು ಓದಬೇಕು. ‘ದಾಳಿ ಮಾಡಕೂಡದು’ ಎಂದು ಅದು ಹೇಳುವುದೇ ಇಲ್ಲ. ದಾಳಿ ಮಾಡುವುದಾದರೆ ಅಪಾಯಕಾರಿ ಶಕ್ತಿ ಹೊರಬೀಳದಂತೆ ವಿಶೇಷ ಎಚ್ಚರ ವಹಿಸಬೇಕು ಅನ್ನುತ್ತದೆ, ಅಷ್ಟೇ. ಭಾರತವನ್ನು ಕಟ್ಟಿಹಾಕುವುದು ಹೆಚ್ಚೆಂದರೆ ಈ ಸಡಿಲ ನಿಯಮ. 56ನೇ ವಿಧಿಯ ಪಠ್ಯ ಕೊಟ್ಟು ಅಡಿಟಿಪ್ಪಣಿಯಲ್ಲಿ 42ನೇ ನಿಯಮ ಹಾಕಿದರೆ ಪರೀಕ್ಷಕ ಅಲ್ಲೇ ಹಿಡಿಯುತ್ತಾನೆ.

ಮೂರನೇ ಪದರ ಈ ತಾಣದ ಒಪ್ಪಂದ ಪಟ್ಟಿಯಲ್ಲಿ ಹುಡುಕುವಂಥದ್ದಲ್ಲ, ಏಕೆಂದರೆ ಅದು ದ್ವಿಪಕ್ಷೀಯ. ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲವೆಂದು ಭಾರತ–ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಸಹಿ ಹಾಕಿದ ಒಪ್ಪಂದ 1991ರ ಜನವರಿ 27ರಂದು ಜಾರಿಗೆ ಬಂತು. 1992ರಿಂದ ಪ್ರತಿ ಜನವರಿ 1ಕ್ಕೆ ಎರಡೂ ದೇಶ ತಮ್ಮ ಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. ವಿದೇಶಾಂಗ ಸಚಿವಾಲಯದ ತಾಣದಲ್ಲಿ ಪ್ರಕಟಣೆ ಸಿಗುತ್ತದೆ. ಈ ಒಪ್ಪಂದ ಅಣು ಸ್ಥಾವರಕ್ಕೆ ಮಾತ್ರ, ಅಣೆಕಟ್ಟೆಗೆ ಇಲ್ಲ. ಹಾಗಾಗಿ ಒಂದೇ ಹೊಳೆಯ ದಂಡೆಯಲ್ಲಿ ಕೈಗಾಕ್ಕೆ ಒಂದು ಕಾನೂನು, ಕದ್ರಾ ಅಣೆಕಟ್ಟೆಗೆ ಇನ್ನೊಂದು. ಪಿಎಚ್‌ಡಿ ಪ್ರಸ್ತಾವನೆಗೆ ಇದಕ್ಕಿಂತ ಒಳ್ಳೆಯ ಸ್ಥಳೀಯ ಉದಾಹರಣೆ ಹುಡುಕುವುದು ಕಷ್ಟ.

ಅಡಿಕೆಯ ರಾಶಿ, ಬೆಟ್ಟೆ, ಚಾಲಿ ಮೂರನ್ನೂ ಒಂದೇ ಚೀಲಕ್ಕೆ ತುಂಬಿ ವಖಾರಿಗೆ ತಂದರೆ ದರ ಕಟ್ಟುವವನು ಏನು ಮಾಡುತ್ತಾನೋ, ಒಪ್ಪಂದ, ರೂಢಿ, ವ್ಯಾಖ್ಯಾನ ಮೂರನ್ನೂ ಬೆರೆಸಿದ ಪ್ರಬಂಧಕ್ಕೆ ಜರ್ನಲ್ ಸಂಪಾದಕ ಅದನ್ನೇ ಮಾಡುತ್ತಾನೆ. ಈ ತಾಣದ ದೊಡ್ಡ ಗುಣವೆಂದರೆ ಮೂರನ್ನೂ ಬೇರೆ ಬೇರೆ ಇಟ್ಟಿದೆ. ಬೆರೆಸಿದರೆ ತಪ್ಪು ಓದುಗನದ್ದೇ.

ವ್ಯಾಖ್ಯಾನಗಳಲ್ಲಿ ವರ್ಷ ನೋಡದೆ ಉದ್ಧರಿಸಬೇಡಿ. 1949ರ ಒಪ್ಪಂದಗಳಿಗೆ 1952ರಿಂದ 1960ರ ನಡುವೆ ಬಂದ ಹಳೆಯ ವ್ಯಾಖ್ಯಾನಗಳಿವೆ. ಅವುಗಳ ಮೇಲೆ ಹೊಸವು ಬಂದಿವೆ: ಮೊದಲನೇ ಒಪ್ಪಂದಕ್ಕೆ 2016ರಲ್ಲಿ, ಎರಡನೆಯದಕ್ಕೆ 2017ರಲ್ಲಿ, ಮೂರನೆಯದಕ್ಕೆ 2020ರಲ್ಲಿ. ಹಳೆಯದೂ ತಾಣದಲ್ಲಿ ಉಳಿದಿದೆ, ಅದು ಒಳ್ಳೆಯದೇ, ನಿಲುವು ಎಲ್ಲಿ ಬದಲಾಯಿತೆಂದು ಹೋಲಿಸಬಹುದು. ಆದರೆ ಗೂಗಲ್‌ನಿಂದ ನೇರ ಬಂದವರು ಯಾವುದರ ಮೇಲೆ ಬಿದ್ದಿದ್ದೇವೆಂದು ನೋಡುವುದಿಲ್ಲ.

ಕರಾವಳಿಯವರಿಗೆ ಇನ್ನೊಂದು ಪ್ರಶ್ನೆ ಸಹಜ: ನೌಕಾಯುದ್ಧದಲ್ಲಿ ಮೀನುಗಾರರ ದೋಣಿಗಳ ಗತಿ ಏನು? ಅರ್ಗಾದಲ್ಲಿ ಕದಂಬ ನೌಕಾನೆಲೆ ಇರುವ ಊರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. 161 ನಿಯಮಗಳಲ್ಲಿ ಹುಡುಕಿದರೆ ನಿರಾಶೆ ಖಚಿತ. ಸಮುದ್ರಯುದ್ಧದ ಕಾನೂನನ್ನು ಆ ಅಧ್ಯಯನ ವಿವರವಾಗಿ ಕೈಗೆತ್ತಿಕೊಳ್ಳಲಿಲ್ಲ, 1994ರ ಸ್ಯಾನ್ ರೆಮೊ ಕೈಪಿಡಿ ಆಗಷ್ಟೇ ಅದನ್ನು ಮಾಡಿ ಮುಗಿಸಿತ್ತು. ಆದ್ದರಿಂದ ಒಪ್ಪಂದಗಳ ಭಾಗಕ್ಕೇ ವಾಪಸು ಹೋಗಿ 1907ರ ಹನ್ನೊಂದನೇ ಹೇಗ್ ಒಪ್ಪಂದದ 3ನೇ ವಿಧಿ ತೆರೆಯಬೇಕು: ದಡದ ಮೀನುಗಾರಿಕೆಗಷ್ಟೇ ಬಳಸುವ ದೋಣಿಗಳನ್ನು ವಶಪಡಿಸಿಕೊಳ್ಳುವಂತಿಲ್ಲ, ಯುದ್ಧದಲ್ಲಿ ಯಾವ ರೀತಿಯಲ್ಲೂ ಪಾಲ್ಗೊಂಡ ಕ್ಷಣ ಆ ವಿನಾಯಿತಿ ಹೋಗುತ್ತದೆ. ಸ್ಯಾನ್ ರೆಮೊ ಕೈಪಿಡಿಯೂ ಅಲ್ಲೇ ಸಿಗುತ್ತದೆ, 47ನೇ ಪ್ಯಾರಾ ನೋಡಿ. ಅದು ತಜ್ಞರು ಬರೆದದ್ದು, ಒಪ್ಪಂದವಲ್ಲ. ಪ್ರಬಂಧದಲ್ಲಿ ಈ ಮಾತು ಬರೆಯಲೇಬೇಕು. ಇದರ ಹಿಂದಿನ ರೂಢಿ ತಿಳಿಯಬೇಕಾದವರಿಗೆ ಅಮೆರಿಕದ ಸುಪ್ರೀಂ ಕೋರ್ಟಿನ 1900ರ ಪಕೆಟ್ ಹಬಾನಾ ತೀರ್ಪು ಇದೆ. ಮೀನು ಹಿಡಿಯುವ ಎರಡು ದೋಣಿಗಳ ಆ ಮೊಕದ್ದಮೆ ಇವತ್ತಿಗೂ ರೂಢಿಗತ ಕಾನೂನಿನ ಪಾಠದಲ್ಲಿ ಬರುತ್ತದೆ.

ಒಂದು ಎಚ್ಚರಿಕೆ. ತಾಣ ಐಸಿಆರ್‌ಸಿಯದು, ಧ್ವನಿಯೂ ಅದರದೇ. 2005ರಲ್ಲಿ ಬಂದ ರೂಢಿಗತ ಕಾನೂನಿನ ಅಧ್ಯಯನವನ್ನು ಎಲ್ಲ ದೇಶಗಳೂ ತಲೆಬಾಗಿ ಒಪ್ಪಿಲ್ಲ. ಯಾವ ನಡವಳಿಕೆಯನ್ನು ಪುರಾವೆಯಾಗಿ ಲೆಕ್ಕಕ್ಕೆ ಹಿಡಿದಿದ್ದಾರೆ, ಸೇನಾ ಕೈಪಿಡಿಗೆ ಎಷ್ಟು ತೂಕ ಕೊಟ್ಟಿದ್ದಾರೆ ಎಂದು ಅಮೆರಿಕ ಸರ್ಕಾರ 2006ರಲ್ಲಿ ಉದ್ದನೆಯ ಆಕ್ಷೇಪ ಬರೆಯಿತು. ಮೆಚ್ಚಬೇಕಾದ್ದು, ಆ ಆಕ್ಷೇಪವೂ ಅದಕ್ಕೆ ಉತ್ತರವೂ 2007ರಲ್ಲಿ ಐಸಿಆರ್‌ಸಿಯದೇ ಜರ್ನಲಿನಲ್ಲಿ ಅಚ್ಚಾದವು. 161 ನಿಯಮಗಳ ಮೇಲೆ ಬರೆಯಹೊರಟವರು ಅವೆರಡನ್ನೂ ಓದದೆ ಮೊದಲ ಸಾಲು ಬರೆಯಬಾರದು.

ಗೋವಾದ ಪಾದ್ರಿಯ ಮೊಕದ್ದಮೆ

ದೇಶಗಳ ಆಚರಣೆಯ ಭಾಗ ಉಪಯುಕ್ತವೇ, ಆದರೆ ಭಾರತದ ಮಟ್ಟಿಗೆ ಅದು ದಾರಿ ತೋರಿಸುತ್ತದೆ ಅಷ್ಟೇ. ತೀರ್ಪಿನ ಪೂರ್ಣಪಾಠವನ್ನು ಇಂಡಿಯನ್ ಕಾನೂನ್ ಎಂಬ ಉಚಿತ ತಾಣದಲ್ಲಿ ಓದಬೇಕು. ಕಾರವಾರದವರಿಗೆ ಹತ್ತಿರದ್ದು ಮೊಂತೆರೊ ವಿರುದ್ಧ ಗೋವಾ ರಾಜ್ಯ, ಎಐಆರ್ 1970 ಎಸ್‌ಸಿ 329. ಕಾಳಿ ದಾಟಿ ಸ್ವಲ್ಪ ಮುಂದೆ ಹೋದರೆ ಸಿಗುವ ನೆಲದ ಕಥೆ. 1961ರಲ್ಲಿ ಗೋವಾ ಭಾರತಕ್ಕೆ ಸೇರಿದ ಮೇಲೆ ಪೋರ್ಚುಗೀಸ್ ಪೌರತ್ವವನ್ನೇ ಉಳಿಸಿಕೊಂಡ ಪಾದ್ರಿಯೊಬ್ಬರಿಗೆ ದೇಶ ಬಿಡುವಂತೆ ಆದೇಶವಾಯಿತು. ಅವರು ನಾಲ್ಕನೇ ಜಿನೀವಾ ಒಪ್ಪಂದದ ಆಸರೆ ಕೇಳಿದರು, ಆಕ್ರಮಿತ ಪ್ರದೇಶದ ಜನರಿಗೆ ಇರುವ ರಕ್ಷಣೆ ತಮಗೂ ಇದೆ ಎಂದರು. ಗೋವಾ ಭಾರತದಲ್ಲಿ ವಿಲೀನವಾದಾಗ ‘ಆಕ್ರಮಿತ’ ಸ್ಥಿತಿ ಮುಗಿಯಿತು, 1960ರ ಜಿನೀವಾ ಒಪ್ಪಂದಗಳ ಕಾಯ್ದೆಯೂ ವ್ಯಕ್ತಿಗೆ ಕೋರ್ಟಿಗೆ ಬರುವ ಪ್ರತ್ಯೇಕ ಹಕ್ಕು ಕೊಡುವುದಿಲ್ಲ ಎಂದು 1969ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಕಾಯ್ದೆಯ 17ನೇ ಕಲಮನ್ನೂ ಜೊತೆಗೇ ಓದಬೇಕು. ಸರ್ಕಾರ ಅಥವಾ ಅದು ಸೂಚಿಸಿದ ಅಧಿಕಾರಿಯ ದೂರಿಲ್ಲದೆ ಕೋರ್ಟು ಈ ಅಪರಾಧಗಳನ್ನು ಕೈಗೆತ್ತಿಕೊಳ್ಳುವಂತಿಲ್ಲ. ಇನ್ನೊಂದು ಕೊಂಡಿ: 1984ರ ಸಿಖ್ ವಿರೋಧಿ ಹಿಂಸಾಚಾರದ ಸಜ್ಜನ್ ಕುಮಾರ್ ಪ್ರಕರಣದಲ್ಲಿ 2018ರ ಡಿಸೆಂಬರಿನಲ್ಲಿ ದಿಲ್ಲಿ ಹೈಕೋರ್ಟು, ಮಾನವತೆಯ ವಿರುದ್ಧದ ಅಪರಾಧವಾಗಲಿ ಜನಾಂಗಹತ್ಯೆಯಾಗಲಿ ನಮ್ಮ ದಂಡಸಂಹಿತೆಯಲ್ಲಿ ಇಲ್ಲವೆಂದು ಎತ್ತಿ ತೋರಿಸಿತು. 2024ರ ಜುಲೈಯಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಜಾಗ ಖಾಲಿಯೇ. ಭಾರತದ ಮಟ್ಟಿಗೆ ಸಂಶೋಧನೆಗೆ ತೆರೆದಿರುವ ಬಯಲು ಇದೇ. ಇದಕ್ಕೆ ಬೇಕಾದ ಭಾರತೀಯ ದಾಖಲೆಗಳಲ್ಲಿ ಒಂದಕ್ಕೂ ದುಡ್ಡು ಕೊಡಬೇಕಿಲ್ಲ.

ಲೀಗಲ್ ಟೂಲ್ಸ್: ದೊಡ್ಡ ಕಣಜ, ಕತ್ತಲೆ ಜಾಸ್ತಿ

ಅಪರಾಧ ಕಾನೂನಿನ ಕಡೆಗೆ ಇದರಷ್ಟು ದೊಡ್ಡ ಉಚಿತ ಸಂಗ್ರಹ ಬೇರೆ ಕಡೆ ಸಿಗುವುದು ಕಷ್ಟ. ನ್ಯೂರೆಂಬರ್ಗ್, ಟೋಕಿಯೊ, ಯುಗೊಸ್ಲಾವಿಯಾ ಮತ್ತು ರುವಾಂಡಾ ನ್ಯಾಯಮಂಡಳಿಗಳು, ಸಿಯೆರಾ ಲಿಯೋನ್, ಕಾಂಬೋಡಿಯಾ, ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ (ಐಸಿಸಿ) ದಾಖಲೆ, ಆ ನ್ಯಾಯಾಲಯವನ್ನು ಹುಟ್ಟುಹಾಕಿದ ರೋಮ್ ಶಾಸನದ ಹಿಂದಿನ ಮಾತುಕತೆಯ ಕಾಗದ, ದೇಶಗಳ ಅಪರಾಧ ಕಾಯ್ದೆಗಳು ಎಲ್ಲ ಒಂದೇ ಸೂರಿನಡಿ. ಪ್ರತಿ ದಾಖಲೆಗೂ ಪಿಯುಆರ್‌ಎಲ್ ಎಂಬ ಚಿಕ್ಕ ಶಾಶ್ವತ ಕೊಂಡಿ ಇದೆ. ಅಡಿಟಿಪ್ಪಣಿಯಲ್ಲಿ ಅದನ್ನೇ ಹಾಕಿ.

ತಾಪತ್ರಯ ಹುಡುಕಾಟದ್ದು. ‘ಯುದ್ಧಾಪರಾಧ’ ಎಂಬಂಥ ಪದ ಹಾಕಿದರೆ ಫಲಿತಾಂಶಗಳ ಪ್ರವಾಹ ಬರುತ್ತದೆ; ಮುಖ್ಯ ತೀರ್ಪೂ, ಅವಧಿ ವಿಸ್ತರಣೆ ಕೇಳಿದ ಎರಡು ಪುಟದ ಅರ್ಜಿಯೂ ಪಕ್ಕಪಕ್ಕ. ಇಲ್ಲಿ ಪದ ಹಾಕಿ ಹುಡುಕುವುದಕ್ಕಿಂತ ದಾಖಲೆ ಸಂಖ್ಯೆ ಹಾಕುವುದು ಜಾಣತನ. ಅದಕ್ಕೆ ಸಂಖ್ಯೆಯನ್ನು ಓದಲು ಕಲಿಯಬೇಕು.

ಐಸಿಸಿ-01/04-01/06-2842 ತೆಗೆದುಕೊಳ್ಳಿ. ಮೊದಲ 01/04 ಅಂದರೆ 2004ರಲ್ಲಿ ದಾಖಲಾದ ಮೊದಲನೇ ಪರಿಸ್ಥಿತಿ (ನ್ಯಾಯಾಲಯದ ಮುಂದೆ ಬಂದ ಸಂಘರ್ಷ), ಕಾಂಗೊ. ಆಮೇಲಿನ 01/06 ಅಂದರೆ ಅದರಡಿಯಲ್ಲಿ 2006ರ ಮೊದಲನೇ ಪ್ರಕರಣ, ಲುಬಾಂಗಾ. 2842 ಆ ಕಡತದ ಸರಣಿ ಸಂಖ್ಯೆ. ಈ ದಾಖಲೆಯೇ 2012ರ ಮಾರ್ಚ್ 14ರ ತೀರ್ಪು, ಹೇಗ್ ನ್ಯಾಯಾಲಯದ ಮೊಟ್ಟಮೊದಲನೆಯದು, ಮಕ್ಕಳನ್ನು ಸೈನಿಕರನ್ನಾಗಿ ಬಳಸಿದ ಅಪರಾಧಕ್ಕೆ. ಸಂಖ್ಯೆಯ ಬಾಲದಲ್ಲಿ ‘ರೆಡ್’ ಇದ್ದರೆ ಗೋಪ್ಯ ಭಾಗ ಅಳಿಸಿ ಪ್ರಕಟಿಸಿದ ಪ್ರತಿ, ‘ಕಾರ್’ ಇದ್ದರೆ ತಿದ್ದುಪಡಿ, ‘ಅನೆಕ್ಸ್’ ಇದ್ದರೆ ಅನುಬಂಧ. ತಿದ್ದುಪಡಿ ಆದ ಪ್ರತಿ ಇರುವಾಗ ಮೂಲವನ್ನು ಉದ್ಧರಿಸಬಾರದು.

ಯುಗೊಸ್ಲಾವಿಯಾ ಮಂಡಳಿಯದು ಬೇರೆ ಪದ್ಧತಿ. ಐಟಿ-94-1 ಅಂದರೆ ಟಾಡಿಚ್. ಕೊನೆಗೆ ‘ಟಿ’ ಇದ್ದರೆ ವಿಚಾರಣಾ ಪೀಠ, ‘ಎ’ ಇದ್ದರೆ ಮೇಲ್ಮನವಿ, ‘ಎಆರ್72’ ಇದ್ದರೆ 72ನೇ ನಿಯಮದಡಿ ನಡುವೆಯೇ ಹಾಕಿದ ಮೇಲ್ಮನವಿ. ಸಶಸ್ತ್ರ ಸಂಘರ್ಷ ಅಂದರೇನು ಎಂಬುದಕ್ಕೆ ಎಲ್ಲರೂ ಉದ್ಧರಿಸುವ 70ನೇ ಪ್ಯಾರಾ ಇರುವುದು 1995ರ ಅಕ್ಟೋಬರ್ 2ರ ಎಆರ್72 ನಿರ್ಣಯದಲ್ಲಿ. ಹೊರದೇಶ ಒಂದು ಸಶಸ್ತ್ರ ಗುಂಪನ್ನು ಎಷ್ಟು ಹಿಡಿತದಲ್ಲಿ ಇಟ್ಟುಕೊಂಡರೆ ಸಂಘರ್ಷ ಅಂತರರಾಷ್ಟ್ರೀಯವಾಗುತ್ತದೆ ಎಂಬ ‘ಒಟ್ಟಾರೆ ನಿಯಂತ್ರಣ’ದ ಅಳತೆ ಇರುವುದು 1999ರ ಜುಲೈ 15ರ ‘ಎ’ ತೀರ್ಪಿನಲ್ಲಿ. ಎರಡನ್ನೂ ‘ಟಾಡಿಚ್ ತೀರ್ಪು’ ಎಂದಷ್ಟೇ ಬರೆದ ಮೂಟ್ ಕೋರ್ಟ್ (ಅಣಕು ನ್ಯಾಯಾಲಯ ಸ್ಪರ್ಧೆ) ಮೆಮೋರಿಯಲ್ಲುಗಳಿಗೆ ಕಮ್ಮಿ ಇಲ್ಲ, ಅಂಕ ಹೋಗುವುದೂ ಅಲ್ಲೇ.

ಭಂಡಾರದ ನಿಜವಾದ ಕೊರತೆ ಇನ್ನೊಂದು. ಒಂದು ತೀರ್ಪನ್ನು ತೆರೆದಾಗ ‘ಇದು ಮೇಲೆ ರದ್ದಾಗಿದೆ’ ಎಂದು ಅದರ ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ ಬರೆದಿರುವುದಿಲ್ಲ. ಹೇಗ್ ನ್ಯಾಯಾಲಯದ ಬೆಂಬಾ ಪ್ರಕರಣ ನೋಡಿ. ಸೇನಾನಾಯಕನ ಹೊಣೆಗಾರಿಕೆಯ ಮೇಲೆ 2016ರ ಮಾರ್ಚ್ 21ರ ತೀರ್ಪು ಅಗಾಧ, ವಿವರ ತುಂಬಿದ್ದು, ಉದ್ಧರಿಸಲು ಆಸೆ ಹುಟ್ಟಿಸುವಂಥದ್ದು. 2018ರ ಜೂನ್ 8ರಂದು ಮೇಲ್ಮನವಿ ಪೀಠ 3–2 ಬಹುಮತದಲ್ಲಿ ಆರೋಪಿಯನ್ನು ಖುಲಾಸೆ ಮಾಡಿತು. ಯುಗೊಸ್ಲಾವಿಯಾ ಮಂಡಳಿಯ ಗೊಟೊವಿನಾ ಪ್ರಕರಣವೂ ಹೀಗೇ: ಫಿರಂಗಿ ಗುಂಡು ಸೈನಿಕ ಗುರಿಯಿಂದ 200 ಮೀಟರ್ ಆಚೆ ಬಿದ್ದರೆ ಅದು ಕಾನೂನುಬಾಹಿರ ದಾಳಿಯ ಸೂಚನೆ ಎಂದ 2011ರ ತೀರ್ಪನ್ನು 2012ರ ನವೆಂಬರಿನಲ್ಲಿ ಮೇಲ್ಮನವಿ ಪೀಠ ತಳ್ಳಿಹಾಕಿತು, ಅದೂ 3–2ರಲ್ಲೇ. 200 ಮೀಟರಿನ ಲೆಕ್ಕ ಮಾತ್ರ ಇನ್ನೂ ಪ್ರಬಂಧದಿಂದ ಪ್ರಬಂಧಕ್ಕೆ ನಡೆದುಕೊಂಡು ಹೋಗುತ್ತಿದೆ. ವಿಚಾರಣಾ ತೀರ್ಪು ಇಳಿಸಿಕೊಂಡ ದಿನವೇ ಅದೇ ಪ್ರಕರಣ ಸಂಖ್ಯೆಯ ಮೇಲ್ಮನವಿ ತೀರ್ಪನ್ನೂ ಇಳಿಸಿ ಒಂದೇ ಫೋಲ್ಡರಿನಲ್ಲಿ ಇಟ್ಟರೆ ಈ ಗಂಡಾಂತರ ತಪ್ಪುತ್ತದೆ. ಭಿನ್ನಾಭಿಪ್ರಾಯದ ತೀರ್ಪುಗಳು ಕೆಲವೊಮ್ಮೆ ಬೇರೆ ಕಡತದಲ್ಲಿ ಇರುತ್ತವೆ, ಅವನ್ನೂ ಬಿಡಬೇಡಿ.

ಹಳೆಯ ದಾಖಲೆಗಳು ಟೈಪ್ ಮಾಡಿದ ಹಾಳೆಯ ಸ್ಕ್ಯಾನುಗಳು. ಟೋಕಿಯೊ ಮಂಡಳಿಯ 11 ನ್ಯಾಯಾಧೀಶರಲ್ಲಿ ಒಬ್ಬರಾಗಿದ್ದ ರಾಧಾಬಿನೋದ್ ಪಾಲ್, ಎಲ್ಲ ಆರೋಪಿಗಳೂ ನಿರ್ದೋಷಿಗಳೆಂದು 1948ರಲ್ಲಿ ಬರೆದ ಸಾವಿರ ಪುಟ ಮೀರಿದ ಭಿನ್ನಮತ ಅಂಥದ್ದು. ಮಸುಕು ಸ್ಕ್ಯಾನಿನ ಒಳಗೆ ಪದ ಹುಡುಕಿದರೆ ‘ಸಿಗಲಿಲ್ಲ’ ಎಂದು ಬಂದಾಕ್ಷಣ ಅದು ಇಲ್ಲವೆಂದಲ್ಲ, ಯಂತ್ರ ಅಕ್ಷರ ಗುರುತಿಸಿಲ್ಲ. ಪರಿವಿಡಿ ಹಿಡಿದು ಪುಟ ತಿರುವಬೇಕು.

ಭಾರತದ ಸಂಶೋಧಕರಿಗೆ ಇಲ್ಲಿ ಅತಿ ಬೆಲೆಯ ಮೂಲೆ ರೋಮ್ ಸಮ್ಮೇಳನದ ಕಾಗದಗಳು. 1998ರ ಜುಲೈ 17ರಂದು ಶಾಸನಕ್ಕೆ ಪರ 120, ವಿರುದ್ಧ 7 ಮತ ಬಿದ್ದವು. ದೂರ ಉಳಿದ 21 ದೇಶಗಳಲ್ಲಿ ಭಾರತ ಒಂದು. ಭದ್ರತಾ ಮಂಡಳಿಗೆ ಕೊಟ್ಟ ಅಧಿಕಾರಕ್ಕೆ ಆಕ್ಷೇಪ, ಅಣ್ವಸ್ತ್ರ ಬಳಕೆಯನ್ನು ಅಪರಾಧಗಳ ಪಟ್ಟಿಗೆ ಸೇರಿಸಬೇಕೆಂಬ ಬೇಡಿಕೆ, ಆಂತರಿಕ ಸಂಘರ್ಷದ ಬಗ್ಗೆ ಅನುಮಾನ ಎಲ್ಲ ಮೂಲದಲ್ಲೇ ಓದಲು ಸಿಗುತ್ತವೆ. ‘ಭಾರತ ರೋಮ್ ಶಾಸನ ಒಪ್ಪಿಲ್ಲ’ ಎಂಬ ಒಂದು ವಾಕ್ಯದಲ್ಲಿ ಮುಗಿಸುವ ಲೇಖನಗಳಿಗೂ ಈ ಕಾಗದ ನೋಡಿ ಬರೆದವಕ್ಕೂ ಅಜಗಜಾಂತರ.

ಕೇಸ್‌ಬುಕ್, ಉಪನ್ಯಾಸಗಳು

ಮಾರ್ಕೊ ಸಸೋಲಿ ಮತ್ತು ಆಂಟೊಯಿನ್ ಬುವಿಯೆ ಕಟ್ಟಿದ ಹಳೆಯ ಕೇಸ್‌ಬುಕ್ಕನ್ನು ಐಸಿಆರ್‌ಸಿ ಆನ್‌ಲೈನಿಗೆ ತಂದಿದೆ. ಪ್ರತಿ ಪ್ರಕರಣಕ್ಕೂ ಮೂಲ ದಾಖಲೆಯ ಆಯ್ದ ಭಾಗ, ಅದರ ಕೆಳಗೆ ಚರ್ಚೆಗೆ ಪ್ರಶ್ನೆಗಳು. ಉತ್ತರ ಕೊಟ್ಟಿಲ್ಲ, ಕೊಡದಿರುವುದೇ ಸರಿ. ಹತ್ತು ಹದಿನೈದು ವಿದ್ಯಾರ್ಥಿಗಳ ತರಗತಿಗೆ ಒಂದು ಪ್ರಕರಣ ಹಿಂದಿನ ದಿನ ಪ್ರಿಂಟ್ ಕೊಟ್ಟು, ಮಾರನೇ ದಿನ ಪ್ರಶ್ನೆ ಹಂಚಿದರೆ ಒಂದು ತಾಸು ಹೇಗೆ ಹೋಯಿತೆಂದು ತಿಳಿಯುವುದಿಲ್ಲ. ಶಿಕ್ಷಕರಿಗೆಂದೇ ಪಠ್ಯಕ್ರಮದ ಮಾದರಿಗಳೂ ಇವೆ. ಆದರೆ ಆಯ್ದ ಭಾಗ ಓದಿ ಪೂರ್ಣ ತೀರ್ಪನ್ನು ಓದಿದಂತೆ ಉದ್ಧರಿಸುವ ಚಾಳಿ ಬೆಳೆಯುವುದೂ ಇಲ್ಲಿಂದಲೇ. ಕೇಸ್‌ಬುಕ್‌ನಲ್ಲಿ ಸಿಕ್ಕಿದ್ದನ್ನು ಲೀಗಲ್ ಟೂಲ್ಸ್‌ನಲ್ಲಿ ಪೂರ್ತಿ ತೆರೆದು ಪ್ಯಾರಾ ಸಂಖ್ಯೆ ತಾಳೆ ನೋಡಿ.

ವಿಶ್ವಸಂಸ್ಥೆಯ ಲೈಬ್ರರಿಯಲ್ಲಿ ಪ್ರಾಧ್ಯಾಪಕರ, ನ್ಯಾಯಾಧೀಶರ ಉಪನ್ಯಾಸಗಳಿವೆ. ಗುಣಮಟ್ಟ ಒಂದೇ ಸಮ ಇಲ್ಲ. ಕೆಲವರು ಎದುರಿಗೆ ಕೂರಿಸಿಕೊಂಡು ಹೇಳಿದಂತೆ ಹೇಳುತ್ತಾರೆ, ಕೆಲವರು ಕಾಗದ ನೋಡಿ ಓದುತ್ತಾರೆ. ಧ್ವನಿಮುದ್ರಿಕೆಯಷ್ಟನ್ನೇ ಇಳಿಸಿಕೊಳ್ಳಲೂ ಬರುತ್ತದೆ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಕೈಕೊಡುವ ಘಟ್ಟದ ಮೇಲಿನ ಹಳ್ಳಿಗಳಿಗೆ ಇದೇ ಸೂಕ್ತ. ಉಪನ್ಯಾಸಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಅದೇ ತಾಣದ ಐತಿಹಾಸಿಕ ದಾಖಲೆಗಳ ವಿಭಾಗ. ಒಂದೊಂದು ಒಪ್ಪಂದಕ್ಕೂ ತಜ್ಞರೊಬ್ಬರ ಚಿಕ್ಕ ಪೀಠಿಕೆ, ಮಾತುಕತೆ ನಡೆದ ಕ್ರಮ, ಮೂಲ ಕಾಗದಗಳ ಕೊಂಡಿ. ಹೊಸ ವಿಷಯಕ್ಕೆ ಕೈಹಾಕುವ ಮೊದಲು ಅರ್ಧ ತಾಸು ಇಲ್ಲಿ ಕಳೆಯಬೇಕು.

ಸಿಗದಿರುವುದು

ಜರ್ನಲುಗಳು. ಈ ಕ್ಷೇತ್ರದ ಜೀವಂತ ಜಗಳ ನಡೆಯುವುದು ಜರ್ನಲುಗಳಲ್ಲಿ, ಬಹಳಷ್ಟು ದುಡ್ಡು ಕೊಟ್ಟು ಓದುವಂಥವು. ಐಸಿಆರ್‌ಸಿಯ ಇಂಟರ್‌ನ್ಯಾಷನಲ್ ರಿವ್ಯೂ ಉಚಿತ, 1869ರಿಂದ ಬರುತ್ತಿರುವಂಥದ್ದು. ಟಾರ್ಕೆಲ್ ಓಪ್ಸಾಲ್ ಹೆಸರಿನ ಮುಕ್ತ ಪ್ರಕಾಶನ ಸಂಸ್ಥೆ ಅಪರಾಧ ಕಾನೂನಿನ ದಪ್ಪ ಸಂಪುಟಗಳನ್ನೇ ಪುಕ್ಕಟೆ ಪಿಡಿಎಫ್ ಆಗಿ ಕೊಡುತ್ತದೆ, ರೋಮ್ ಶಾಸನದ ವಿಧಿವಾರು ವ್ಯಾಖ್ಯಾನವೂ ಅದರಲ್ಲಿದೆ. ಉಳಿದವಕ್ಕೆ 2025ರಲ್ಲಿ ಶುರುವಾದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಇದೆ. ಅದು ಸರ್ಕಾರಿ ಸಂಸ್ಥೆಗಳಿಗೆ. ಖಾಸಗಿ ಕಾನೂನು ಕಾಲೇಜಿನ ವಿದ್ಯಾರ್ಥಿ ಸರ್ಕಾರಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೂರಲು ಅನುಮತಿ ಪಡೆಯಬೇಕಾದೀತು. ಹೋಗುವ ಮೊದಲು ಬೇಕಾದ ಲೇಖನಗಳ ಪಟ್ಟಿ ಬರೆದಿಟ್ಟುಕೊಂಡರೆ ಒಂದು ದಿನದಲ್ಲಿ ಕೆಲಸ ಆಗುತ್ತದೆ.

ಯಾರು ಯಾವುದನ್ನು ಹಿಡಿಯಬೇಕು

ಯುಜಿಸಿ ನೆಟ್‌ಗೆ ಓದುವವರು ಈ ಭಂಡಾರಗಳಲ್ಲಿ ಮುಳುಗಬಾರದು. ಕಾನೂನು ವಿಷಯದ ಹತ್ತು ಘಟಕಗಳಲ್ಲಿ ಮೂರನೆಯದು ಸಾರ್ವಜನಿಕ ಅಂತರರಾಷ್ಟ್ರೀಯ ಕಾನೂನು ಮತ್ತು ಮಾನವೀಯ ಕಾನೂನು. ಎರಡನೇ ಪತ್ರಿಕೆಯ 100 ಪ್ರಶ್ನೆಗಳಲ್ಲಿ ಅದರ ಪಾಲು ಎಷ್ಟಿದ್ದೀತು ಎಂದು ಲೆಕ್ಕ ಹಾಕಿ ಸಮಯ ಕೊಡಿ. ನಾಲ್ಕು ಒಪ್ಪಂದಗಳು ಯಾರ್ಯಾರ ರಕ್ಷಣೆಗೆ, ಎಲ್ಲಕ್ಕೂ ಸಮಾನವಾದ 3ನೇ ವಿಧಿ, ರೋಮ್ ಶಾಸನದ 5ರಿಂದ 8ರ ವರೆಗಿನ ವಿಧಿಗಳು ಮತ್ತು ಪೂರಕ ವ್ಯಾಪ್ತಿಯ (ದೇಶದ ಕೋರ್ಟು ಕೈಗೆತ್ತಿಕೊಳ್ಳದಿದ್ದಾಗ ಮಾತ್ರ ಹೇಗ್ ಕೈಹಾಕುವ) 17ನೇ ವಿಧಿಯನ್ನು ಮೂಲಪಾಠದಲ್ಲೇ ಓದಿದರೆ ಸಾಕು. ವಸ್ತುನಿಷ್ಠ ಪರೀಕ್ಷೆಗೆ 600 ಪುಟದ ತೀರ್ಪು ಹೊರುವುದು ದಂಡ.

ಹೆನ್ರಿ ಡ್ಯುನಾಂಟ್ ಮೂಟ್‌ಗೆ ತಯಾರಾಗುವ ತಂಡಕ್ಕೆ ಐಸಿಆರ್‌ಸಿ ದತ್ತಸಂಚಯ ಮೊದಲು, ಲೀಗಲ್ ಟೂಲ್ಸ್ ಆಮೇಲೆ. ಬರೆಯುವವನು ಒಬ್ಬ, ಪ್ರತಿ ಸೈಟೇಶನ್ನಿನ ಸ್ಥಿತಿ ನೋಡುವವನು ಇನ್ನೊಬ್ಬ ಎಂದು ಕೆಲಸ ಹಂಚಿಕೊಳ್ಳಿ: ಈ ದೇಶ ಈ ಒಪ್ಪಂದ ಒಪ್ಪಿದೆಯೇ, ಈ ತೀರ್ಪು ಉಳಿದಿದೆಯೇ, ಇದು ಬಹುಮತದ್ದೋ ಭಿನ್ನಮತದ್ದೋ.

ಎಲ್‌ಎಲ್‌ಎಂ ಮುಗಿಸಿ ಅಧ್ಯಾಪನಕ್ಕೆ ಹೋಗುವವರಿಗೆ 55 ಶೇಕಡಾ ಅಂಕ ಮತ್ತು ನೆಟ್ ಅಥವಾ ಕೆಸೆಟ್ ಬಾಗಿಲು ತೆರೆಯುತ್ತವೆ, ಅಷ್ಟೇ. ಹೊರದೇಶದ ಎಲ್‌ಎಲ್‌ಎಂಗಾಗಲಿ ಇಲ್ಲಿನ ಪಿಎಚ್‌ಡಿ ಸಂದರ್ಶನಕ್ಕಾಗಲಿ ಕೇಳುವುದು ಬರವಣಿಗೆ. ಮೂಲ ದಾಖಲೆ ನೋಡಿ ಬರೆದ 5,000 ಪದಗಳ ಒಂದು ಲೇಖನ ಕೈಯಲ್ಲಿ ಇರಬೇಕು. ವಿಷಯ ಆಯುವ ಮೊದಲು ಭಾರತದ ಪಿಎಚ್‌ಡಿ ಪ್ರಬಂಧಗಳ ಭಂಡಾರ ಶೋಧಗಂಗಾದಲ್ಲಿ ಅದೇ ವಿಷಯದ ಪ್ರಬಂಧ ಬಂದಿದೆಯೇ ನೋಡಿ. ‘ಮಾನವೀಯ ಕಾನೂನಿನ ಅನುಷ್ಠಾನ: ಒಂದು ಅಧ್ಯಯನ’ ಎಂಬ ಧಾಟಿಯ ಶೀರ್ಷಿಕೆ ಬೇಡವೇ ಬೇಡ. 1960ರ ಕಾಯ್ದೆಯ 17ನೇ ಕಲಮು, ಅಣೆಕಟ್ಟೆಗಳ ರಕ್ಷಣೆಯಲ್ಲಿ ಭಾರತದ ನಿಲುವು, ನೌಕಾಯುದ್ಧದಲ್ಲಿ ದಡದ ಮೀನುಗಾರರು ಇಂಥ ಚಿಕ್ಕ, ಗಟ್ಟಿ ವಿಷಯಗಳಿಗೆ ಬೇಕಾದ ಸಾಮಗ್ರಿ ಈ ನಾಲ್ಕು ತಾಣಗಳಲ್ಲೂ ಇಂಡಿಯನ್ ಕಾನೂನ್‌ನಲ್ಲೂ ಇದೆ.

ಪ್ರಿಂಟ್ ತೆಗೆಸುವುದಾದರೆ ಇಡೀ ತೀರ್ಪು ತೆಗೆಸಬೇಡಿ. ರೋಮ್ ಶಾಸನದ 5ರಿಂದ 8, 17, 25 ಮತ್ತು 28ನೇ ವಿಧಿಗಳು, ಅಪರಾಧಗಳ ಘಟಕಾಂಶಗಳು (ಎಲಿಮೆಂಟ್ಸ್ ಆಫ್ ಕ್ರೈಮ್ಸ್) ಎಂಬ ದಾಖಲೆಯಲ್ಲಿ ನಿಮ್ಮ ವಿಷಯಕ್ಕೆ ಬರುವ ಪುಟಗಳು, ಟಾಡಿಚ್‌ನ 70ನೇ ಪ್ಯಾರಾ ಇರುವ ಹಾಳೆಗಳು ಮತ್ತು 1960ರ ಕಾಯ್ದೆ ಇಷ್ಟು ಸಾಕು. ಕಡತದ ಹೆಸರಿನಲ್ಲಿ ಮೊದಲು ದಿನಾಂಕ, ಆಮೇಲೆ ಪ್ರಕರಣ, ಆಮೇಲೆ ವಿಚಾರಣಾ ಪೀಠವೋ ಮೇಲ್ಮನವಿಯೋ, ಕೊನೆಗೆ ದಾಖಲೆ ಸಂಖ್ಯೆ ಹಾಕಿ ಇಟ್ಟುಕೊಂಡರೆ ಎರಡು ವರ್ಷ ಬಿಟ್ಟು ಬೇಕಾದಾಗಲೂ ಕೈಗೆ ಸಿಗುತ್ತದೆ.